ಹವಳಕ್ಕೆ ಹೊಲಿದ ನೆರಳು

ಆಂಧ್ರದ ಗಡಿಯ ರಾಯದುರ್ಗದ ಜೀನ್ಸ್ ಹೊಲಿಗೆಯವರಲ್ಲಿ ದುರುಗಕ್ಕನ ಕೆಲಸ ಗಟ್ಟಿ ಎಂಬ ಮಾತಿತ್ತು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷ ದುಡಿದು, ಊರಿಗೆ ಮರಳಿ ಐದು ಮಿಷನ್ ಹಾಕಿಕೊಂಡಿದ್ದಳು. ಅವಳು ಹೊಲಿದದ್ದು ಬಿಚ್ಚಿಕೊಂಡಿತೆಂದು ಯಾರೂ ವಾಪಸು ತಂದಿರಲಿಲ್ಲ. ಆದ್ದರಿಂದ ಜೂನ್ ತಿಂಗಳಲ್ಲಿ ಬಂದ ಕಾಗದವನ್ನು ಅವಳು ಎರಡೆರಡು ಸಲ ಓದಿಸಿದಳು. ‘ನಿಮ್ಮ ನೆರಳುಬಟ್ಟೆಗಳ ಹೊಲಿಗೆ ಬಿಟ್ಟು ಹವಳಗಳು ಸತ್ತಿವೆ’ ಎಂದಿತ್ತು ಅದರಲ್ಲಿ.

ಆ ಬಟ್ಟೆ ಹೊಲಿಸಿದವಳು ಮಡಕಶಿರಾದ ಶಿರಿಷಾ. ಅವಳ ತಾಯಿ ಪದ್ಮಾವತಮ್ಮ ಗಾರ್ಮೆಂಟ್ಸಿನಲ್ಲಿ ದುರುಗಕ್ಕನ ಪಕ್ಕದ ಮಿಷನ್ನಿನವಳು. ಮಗಳು ಓದಿ, ತಮಿಳುನಾಡಿನ ಕಡಲತೀರದ ಒಂದು ಕೇಂದ್ರದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದಳು. ಬಯಲಿನ ತೊಟ್ಟಿಗಳಿಗೆ ಸಮುದ್ರದ ನೀರು ಹಾಯಿಸಿ, ಹವಳದ ತುಂಡುಗಳನ್ನು ಬೆಳೆಸಿ, ಮತ್ತೆ ಕಡಲಿಗೆ ನೆಡುವ ಕೆಲಸ ಅದು. ಮೇಲೆ ನೆರಳಿಗೆ ಕಟ್ಟುವ ಬಟ್ಟೆ ಹೊಲಿಸಲು ಜನವರಿಯಲ್ಲಿ ಇಪ್ಪತ್ತು ತೊಟ್ಟಿಗಳ ಅಳತೆ ಹಿಡಿದು ದುರುಗಕ್ಕನ ಬಳಿ ಬಂದಿದ್ದಳು.

“ಹವಳ ಅಂದ್ರ ಕಲ್ಲಲ್ಲೇನ?” ಎಂದು ದುರುಗಕ್ಕ ತನ್ನ ಕೊರಳಿನ ಕೆಂಪು ಮಣಿ ಮುಟ್ಟಿಕೊಂಡು ಕೇಳಿದ್ದಳು.

“ಜೀವ ಐತೆ ಕಣಕ್ಕ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರ್ತವೆ. ಬಿಸಿಲು ಹಿಡಿದು ಅದಕ್ಕೆ ಊಟ ಮಾಡ್ಕೊಡೋದು ಅವೇ. ಬೇಸಿಗೇಲಿ ನೀರು ಕಾದು, ಮೇಲೆ ಬಿಸಿಲೂ ಜಾಸ್ತಿ ಆದ್ರೆ ಅದೇ ಪಾಚಿ ವಿಷ ಆಗ್ತದೆ. ಹವಳ ಅದನ್ನ ಹೊರಕ್ಕೆ ದಬ್ಬಿ, ಬೆಳ್ಳಗಾಗಿ, ಉಪವಾಸ ಬೀಳ್ತದೆ. ಮೈಮೇಲಿನ ಲೋಳೇಲಿ ಇರೋ ಒಳ್ಳೆ ಸೂಕ್ಷ್ಮಜೀವಿಗಳೂ ಹೋಗಿ, ರೋಗ ತರೋವು ಸೇರ್ಕೊಂತವೆ.”

“ಹಂಗಾದ್ರ ವರ್ಷಪೂರ್ತಿ ದಪ್ಪ ಬಟ್ಟಿ ಕಟ್ಟಿಬಿಡವಾ.”

“ಮೋಡದ ತಿಂಗಳಲ್ಲಿ ಹಂಗೆ ಮುಚ್ಚಿದ್ರೆ ಬೆಳಕು ಸಾಲದೆ ಸೊರಗ್ತದೆ. ಅದಕ್ಕೇ ಎರಡು ಥರ ಬೇಕು ಅಕ್ಕ.”

ದುರುಗಕ್ಕ ತೊಟ್ಟಿಗೊಂದರಂತೆ ಇಪ್ಪತ್ತು ತೆಳುಬಟ್ಟೆ, ಬೇಸಿಗೆಗೆಂದು ಇಪ್ಪತ್ತು ಎರಡು ಪದರಿನ ಬಟ್ಟೆ ಹೊಲಿದಳು. ಅಂಚಿಗೆ ಮೂರು ಸಾಲು ಹೊಲಿಗೆ ಹಾಕಿದಳು.

ಈಗ ಈ ಕಾಗದ. ಅವಳು ಶಿರಿಷಾಳಿಗೆ ಫೋನ್ ಮಾಡಿದಳು.

“ನಾನು ಬರೆದಿದ್ದಲ್ಲ ಅಕ್ಕ. ಏಪ್ರಿಲ್‌ನಾಗೆ ನನ್ನ ಒಂದು ತಿಂಗಳು ಟ್ರೈನಿಂಗಿಗೆ ಕಳಿಸಿದ್ರು. ವಾಪಸ್ ಬರೋ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲಾ ಬೆಳ್ಳಗಾಗಿತ್ತು. ಹೊಲಿಗೆ ಬಿಡ್ತು ಅಂತ ಬರೆದಿರೋ ರಿಪೋರ್ಟಿಗೆ ಸೈನ್ ಹಾಕು ಅಂತಾವ್ರೆ. ನಾನು ಹಾಕಿಲ್ಲ.”

“ಹಾಕಬ್ಯಾಡ. ನಾ ಬರ್ತೀನಿ,” ಎಂದಳು ದುರುಗಕ್ಕ.

ಮೂರನೆಯ ದಿನ ಅವಳು ತೊಟ್ಟಿಗಳ ಮುಂದೆ ನಿಂತಿದ್ದಳು. ಸತ್ತ ಹವಳದ ಕೊಂಬೆಗಳ ಮೇಲೆ ಹಸಿರು ಕೊಳೆ ಹತ್ತಿತ್ತು. ಕಾಂಪೌಂಡಿನ ಹಿಂಬದಿಯ, ಬಂದವರ ಕಣ್ಣಿಗೆ ಬೀಳದ ಎರಡು ತೊಟ್ಟಿಗಳಿಗೆ ಮಾತ್ರ ತೆಳುಬಟ್ಟೆ ಹಾಗೇ ಇತ್ತು. ಅದರಡಿಯ ಹವಳ ಕೊಂಚ ಮಂಕಾಗಿದ್ದರೂ ಬದುಕಿತ್ತು. ಶಿರಿಷಾ ಉಗ್ರಾಣ ತೆರೆದಳು. ಮಿಕ್ಕ ಹದಿನೆಂಟು ತೆಳುಬಟ್ಟೆಗಳು ಮಡಿಚಿದಂತೇ ಇದ್ದವು, ಒಂದೂ ಹರಿದಿರಲಿಲ್ಲ. ಬೇಸಿಗೆಯ ಬಟ್ಟೆಗಳ ಗಂಟನ್ನಂತೂ ಯಾರೂ ಬಿಚ್ಚಿಯೇ ಇರಲಿಲ್ಲ. ಆಫೀಸಿನ ಗೋಡೆಯ ಮೇಲೆ ಒಂದು ಫೋಟೊ ತೂಗುತ್ತಿತ್ತು. ಏಪ್ರಿಲ್ ತಾರೀಖು. ಸುಡುಬಿಸಿಲು, ತೆರೆದ ತೊಟ್ಟಿಗಳು, ಸುತ್ತ ನಗುವ ಅತಿಥಿಗಳು.

ಕೇಂದ್ರದ ಉಸ್ತುವಾರಿ ಚಿನ್ನಸ್ವಾಮಿ ಬೆಂಗಳೂರಿನಲ್ಲಿ ಓದಿದವನು. ಕನ್ನಡದಲ್ಲೇ ಸಮಾಧಾನ ಹೇಳಿದ. “ನೋಡೋಕೆ ದಿನಾ ಯಾರಾದರೂ ದೊಡ್ಡವರು ಬರ್ತಿದ್ದರು. ಮೇಲೆ ಬಟ್ಟೆ ಇದ್ದರೆ ಏನು ಕಾಣುತ್ತೆ? ದಿನಾ ಬಿಚ್ಚಿ ಕಟ್ಟೋಕೆ ಆಗುತ್ತೇನಮ್ಮ?”

“ಆಗಲಿಲ್ಲ ಅಂತ ಬರೀಬೇಕಿತ್ತು. ನನ್ನ ಹೊಲಿಗಿ ಬಿಡ್ತು ಅಂತ ಯಾಕ ಬರದ್ರಿ?”

“ಏನೋ ಒಂದು ಕಾರಣ ತೋರಿಸಬೇಕಲ್ಲ. ನಿಮ್ಮ ಮೇಲೆ ಕ್ರಮವೇನೂ ಇಲ್ಲ.”

ದುರುಗಕ್ಕನ ಮೈ ಉರಿಯಿತು. ದನಿ ಏರಲಿಲ್ಲ. “ಕ್ರಮ ಇಲ್ದಿದ್ರೇನ್ರಿ, ಹೆಸರು ಹೋತಲ್ರಿ. ನನ್ನ ಕೂಡ ನಾಕು ಹೆಣ್ಮಕ್ಳು ಹೊಲೀತಾರ. ಅವರ ಕೈ ಸುಳ್ಳೇನ್ರಿ?” ಒಂದು ಬಟ್ಟೆಯ ಅಂಚನ್ನು ಅವನ ಮುಂದೆ ಹಿಡಿದಳು. “ಹರೀರಿ ನೋಡೋಣ.”

ಅವನು ಕೈ ಚಾಚಲಿಲ್ಲ. ಅವಳೇ ಎಲ್ಲರೆದುರು ಎಳೆದು ಜಗ್ಗಿದಳು. ಹೊಲಿಗೆ ಅಲುಗಲಿಲ್ಲ.

ಆ ಮಧ್ಯಾಹ್ನವೇ ಶಿರಿಷಾ ಎಲ್ಲವನ್ನೂ ಬರೆದಳು: ಬಟ್ಟೆ ತೆಗೆಸಿದ್ದು, ರಿಜಿಸ್ಟರಿನಲ್ಲಿದ್ದ ದಿನದಿನದ ನೀರಿನ ಬಿಸಿ, ಬೆಳಕಿನ ಅಳತೆ, ಉಳಿದ ಎರಡು ತೊಟ್ಟಿಗಳ ಸ್ಥಿತಿ. ಕೆಳಗೆ ಸಹಿ ಮಾಡಿದಳು. ಅದರಡಿ ದುರುಗಕ್ಕ ತೆಲುಗಿನಲ್ಲಿ ಸಹಿ ಹಾಕಿದಳು. ಫೋಟೊದ ಪ್ರತಿ ಸೇರಿಸಿ ಮೇಲಿನ ಆಫೀಸಿಗೆ ಕಳಿಸಿದರು.

ಎರಡು ತಿಂಗಳಿಗೆ ತಿದ್ದಿದ ರಿಪೋರ್ಟು ಬಂತು. ಹೊಲಿಗೆಯ ಮಾತು ತೆಗೆದಿದ್ದರು. ‘ಈ ಸಾಲಿನ ವಿಪರೀತ ಬಿಸಿಲೇ ಕಾರಣ’ ಎಂದಿತ್ತು. ಚಿನ್ನಸ್ವಾಮಿ ಅದೇ ಕುರ್ಚಿಯಲ್ಲಿದ್ದ. ಶಿರಿಷಾಳ ಗುತ್ತಿಗೆಯನ್ನು ಮುಂದುವರಿಸಲಿಲ್ಲ.

ಊರಿಗೆ ಬಂದ ಶಿರಿಷಾ ರಾಯದುರ್ಗಕ್ಕೆ ಹೋಗಿ ಅದನ್ನು ಓದಿ ಹೇಳಿದಳು. “ನಿನ್ನ ಹೆಸರು ಉಳೀತಲ್ಲ ಅಕ್ಕ, ಬಿಡು.”

“ಯಾಕ ಬಿಡ್ಲಿ? ಮೊದ್ಲು ನನ್ನ ಮ್ಯಾಲ ಹಾಕಿದ್ರು, ಈಗ ಬಿಸಿಲಿನ ಮ್ಯಾಲ ಹಾಕ್ಯಾರ. ಬ್ಯಾಸಗಿ ಬರ್ತದ ಅಂತ ಅವರಿಗೆ ಗೊತ್ತಿರಲಿಲ್ಲೇನು? ಗೊತ್ತಿದ್ದೇ ಬಟ್ಟಿ ಹೊಲಿಸಿದ್ರಲ್ಲ.”

ದುರುಗಕ್ಕ ಮಿಷನ್ ನಿಲ್ಲಿಸಿ, ಬಿಳಿಹಾಳೆ ತಂದು ಶಿರಿಷಾಳ ಮುಂದಿಟ್ಟಳು. “ಬರಿ. ಈ ಸಲ ಇನ್ನೂ ಮ್ಯಾಲಿನವರಿಗೆ.”