ಊಟದ ಮೇಜಿನ ಮತಗಟ್ಟೆ

ಕಡಲಾಚೆಯ ಬೆರ್ರಿಯೆಸಾದ ಆ ಮನೆಯಲ್ಲಿ ಚುನಾವಣೆ ನಡೆಯುತ್ತಿದ್ದದ್ದು ಶನಿವಾರ ಬೆಳಿಗ್ಗೆ, ನಾಷ್ಟಾ ಮುಗಿದ ಮೇಲೆ, ಊಟದ ಮೇಜಿನ ಮುಂದೆ. ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾಡಳಿತದವರು, ಅಂಚೆಯಲ್ಲಿ ಕಳಿಸಿದ ಬ್ಯಾಲೆಟ್ಟುಗಳು ಬಂದ ವಾರವೇ ಶಿವರಾಜ ಮೇಜು ಒರೆಸಿ, ಎಲ್ಲರಿಗೂ ಒಂದೊಂದು ಕಪ್ಪು ಪೆನ್ನು ಇಟ್ಟು, ಕನ್ನಡಕ ಏರಿಸಿಕೊಂಡು ಕೂತುಬಿಡುತ್ತಿದ್ದ. ಅವನ ಎಡಕ್ಕೆ ಹೆಂಡತಿ ವಿಜಯಶ್ರೀ, ಬಲಕ್ಕೆ ತಾಯಿ ಬಂಗಾರೆವ್ವ. ಅವನು ಓದಿ ಹೇಳಬೇಕು, ಇವರು ತುಂಬಬೇಕು. ಕನ್ನಡ ಶಾಲೆಯ ಉಕ್ತಲೇಖನದಲ್ಲಾದರೂ ತಪ್ಪು ಬರೆಯುವ ಸ್ವಾತಂತ್ರ್ಯವಿತ್ತು, ಇಲ್ಲಿ ಅದೂ ಇರಲಿಲ್ಲ.

ಹಾಗಂತ ಶಿವರಾಜ ದರ್ಪದ ಗಂಡನೇನಲ್ಲ. ಹೆಂಡತಿಗೆ ದನಿ ಏರಿಸಿದವನಲ್ಲ, ಪಾತ್ರೆ ತೊಳೆಯುತ್ತಾನೆ, ತಾಯಿಯ ಕಾಲಿಗೆ ಎಣ್ಣೆ ತಿಕ್ಕುತ್ತಾನೆ. ಚುನಾವಣೆಗೆ ಮೊದಲು ಮತದಾರರಿಗೆಂದು ಬರುವ ಆ ದಪ್ಪ ಮಾಹಿತಿ ಪುಸ್ತಕವನ್ನು ಹಳದಿ ಪೆನ್ನಿನಿಂದ ಗೆರೆ ಎಳೆದು ಓದುವ ತಾಳ್ಮೆ ಆ ಬೀದಿಯಲ್ಲಿ ಅವನೊಬ್ಬನಿಗೇ ಇತ್ತು. ಇಲ್ಲಿನ ಬ್ಯಾಲೆಟ್ಟಿನಲ್ಲಿ ಹೆಸರುಗಳ ಜೊತೆಗೆ ಎಸ್ ಅಥವಾ ನೋ ಎನ್ನಬೇಕಾದ ಪ್ರಶ್ನೆಗಳೂ ಇರುತ್ತವೆ, ಅವಕ್ಕೆಲ್ಲ ಅವನದು ಒಂದೇ ಒಂದು ಸಿದ್ಧಾಂತ: ತೆರಿಗೆ ಯಾವ ಹೆಸರಿನಲ್ಲಿ ಬಂದರೂ ನೋ.

ವಿಜಯಶ್ರೀಗೆ ಮೊದಮೊದಲು ಇದೆಲ್ಲ ಆರಾಮವೇ ಅನ್ನಿಸಿತ್ತು. ವಾರವೆಲ್ಲ ರೆಡ್‌ವುಡ್ ಸಿಟಿಯ ಆಫೀಸಿಗೆ ಫ್ರೀವೇಯಲ್ಲಿ ತೆವಳಿಕೊಂಡು ಹೋಗಿ, ತೆವಳಿಕೊಂಡು ಬರುವವಳಿಗೆ ನ್ಯಾಯಾಧೀಶರು ಯಾರು, ನೀರಿನ ಮಂಡಳಿಗೆ ಯಾರು ಎಂದು ಓದಿಕೊಂಡು ಕೂರಲು ಎಲ್ಲಿಯ ಪುರುಸೊತ್ತು? ಒಬ್ಬರು ಓದಿದ್ದಾರಲ್ಲ, ಸಾಕು ಎಂದುಕೊಂಡಳು. ಹೀಗೆ ಸಾಕು ಸಾಕು ಎಂದುಕೊಂಡೇ ವರ್ಷಗಳು ಕಳೆದವು. ಅವಳ ಆಯಾಸಕ್ಕೆ ಮತದಾನದ ಹಕ್ಕಿದ್ದಿದ್ದರೆ ಅದು ಪ್ರತಿ ಸಲವೂ ತಪ್ಪದೆ ಓಟು ಹಾಕಿದೆ ಎನ್ನಬಹುದಿತ್ತು.

ಈ ಮತಗಟ್ಟೆಗೆ ಒಂದು ನಿಯಮವಿತ್ತು. ಮೊದಲು ಲಕೋಟೆಗೆ ಸಹಿ, ಆಮೇಲೆ ಓಟು. ಬಂಗಾರೆವ್ವ ಮೂರ್ನಾಲ್ಕು ವರ್ಷದ ಹಿಂದೆಯಷ್ಟೇ ಇಲ್ಲಿನ ಪ್ರಜೆಯಾದವಳು. ಅವಳ ಮೊದಲ ಚುನಾವಣೆಯಲ್ಲಿ ಎಲ್ಲ ತುಂಬಿ ಕಳಿಸಿದ ಮೇಲೆ, ಲಕೋಟೆಯ ಮೇಲೆ ಸಹಿಯೇ ಇಲ್ಲವೆಂದು ಕೌಂಟಿಯಿಂದ ಓಲೆ ಬಂದಿತ್ತು. ಶಿವರಾಜನಿಗೆ ಅದು ದೊಡ್ಡ ಅವಮಾನ. ಅಂದಿನಿಂದ ಖಾಲಿ ಲಕೋಟೆಗಳನ್ನು ಸಾಲಾಗಿ ಹರವಿ, ಮೂವರ ಸಹಿ ಬಿದ್ದು ಮಸಿ ಒಣಗಿದ ಮೇಲೆಯೇ ಬ್ಯಾಲೆಟ್ಟು ಬಿಚ್ಚುವುದು. ಬಂಗಾರೆವ್ವ ಕನ್ನಡದಲ್ಲಿ, ಒತ್ತಿ ಒತ್ತಿ, ಕಾಗದ ಹರಿಯುವ ಹಾಗೆ ಸಹಿ ಮಾಡುತ್ತಿದ್ದಳು. ಸಹಿ ಮಾಡುವಾಗಲೆಲ್ಲ ಅವಳದು ಒಂದೇ ಗೊಣಗಾಟ.

"ಓಟು ಅಂದ್ರ ಎದ್ದು ಹೋಗಿ ಹಾಕೂದಪಾ. ಮನ್ಯಾಗ ಕುಂತು ತುಂಬೂದು ರೇಷನ್ ಕಾರ್ಡಿನ ಅರ್ಜಿ."

ಗದಗಿನಲ್ಲಿ ಓಟಿನ ದಿನ ಓಣಿಯ ಹೆಂಗಸರೆಲ್ಲ ಸೇರಿ ಶಾಲೆಗೆ ನಡೆದು ಹೋಗುತ್ತಿದ್ದದ್ದು, ಪಾಳಿಯಲ್ಲಿ ನಿಂತು ಊರ ಸುದ್ದಿಯೆಲ್ಲ ಆಡಿ ಮುಗಿಸುತ್ತಿದ್ದದ್ದು, ಎಲ್ಲವನ್ನೂ ಅವಳು ಹೇಳುತ್ತಿದ್ದಳು. ಮಗ ನಗುತ್ತಿದ್ದ. ಚಹಾ ಕುಡಿಯುತ್ತ, ಪೈಜಾಮದಲ್ಲಿ ಕೂತು, ಯಾರ ಬೆವರೂ ತಾಗದೆ ಓಟು ಹಾಕುವ ಸುಖ ಬಿಟ್ಟು ಲೈನಿನಲ್ಲಿ ನಿಲ್ಲುವ ಹುಚ್ಚು ಯಾಕೆ ಎನ್ನುವುದು ಅವನ ವಾದ.

ಈ ಸಲದ ಶನಿವಾರವೂ ಎಲ್ಲ ಹಾಗೆಯೇ ಸಾಗಿತ್ತು. ಕೊನೆಯ ಹಾಳೆಯಲ್ಲಿ ಊರಿನದೇ ಒಂದು ಸಣ್ಣ ಪ್ರಶ್ನೆಯಿತ್ತು. ಬಡಾವಣೆಯ ಸೀನಿಯರ್ ಸೆಂಟರು ನಡೆಸಲು ಮನೆಮನೆಗೂ ಒಂದಿಷ್ಟು ತೆರಿಗೆ ಹಾಕಬಹುದೇ? ಶಿವರಾಜ ಪುಟ ತಿರುವುತ್ತಲೇ, ಟ್ಯಾಕ್ಸು, ನೋ, ಎಂದ. ತಾಯಿಗೆ ಇಂಗ್ಲಿಷ್ ಬಾರದ್ದರಿಂದ ಬೆರಳಿಟ್ಟು ಜಾಗ ತೋರಿಸಿದ. ಬಂಗಾರೆವ್ವ ನಾಲಿಗೆಯ ತುದಿ ಹೊರಚಾಚಿ, ಆ ಮೊಟ್ಟೆಯಾಕಾರದ ಗುರುತನ್ನು ಒಂದು ಚೂರೂ ಬಿಳಿ ಉಳಿಯದಂತೆ ಕಪ್ಪು ಮಾಡಿದಳು.

ವಿಜಯಶ್ರೀಯ ಪೆನ್ನು ಅಲ್ಲೇ ನಿಂತಿತು. ಆ ಸೆಂಟರು ಬಂಗಾರೆವ್ವ ದಿನಾ ಹೋಗುವ ಸೆಂಟರು. ಬೆಳಿಗ್ಗೆ ಅವರ ಸಣ್ಣ ಬಸ್ಸು ಮನೆ ಬಾಗಿಲಿಗೇ ಬಂದು ಕರೆದೊಯ್ಯುತ್ತದೆ. ಅಲ್ಲಿ ಕೂತೇ ಮಾಡುವ ವ್ಯಾಯಾಮ, ಬಿಸಿ ಊಟ, ಒಂದು ಮಾತೂ ಅರ್ಥವಾಗದಿದ್ದರೂ ಕೈ ಹಿಡಿದುಕೊಂಡೇ ಕೂರುವ ಒಬ್ಬ ವಿಯೆಟ್ನಾಮಿ ಮುದುಕಿ. ಸೆಂಟರಿಗೆ ಹೋಗುವ ಮೊದಲಿನ ಬಂಗಾರೆವ್ವನನ್ನು ವಿಜಯಶ್ರೀ ಮರೆತಿರಲಿಲ್ಲ. ಮುಚ್ಚಿದ ಮನೆಯಲ್ಲಿ ಒಬ್ಬಳೇ ಕೂತು ಮಾಡಿಟ್ಟ ರೊಟ್ಟಿಯನ್ನೂ ಮುಟ್ಟದೆ, ಟಿವಿಯಲ್ಲಿ ಸುದ್ದಿ ಓದುವವನಿಗೆ ಉತ್ತರ ಕೊಡುತ್ತಿದ್ದವಳು. ಮೀಟಿಂಗಿನ ನಡುವೆ ಫೋನು ಮಾಡಿ, ಏನಿಲ್ಲವಾ ಸುಮ್ಮನ ಮಾಡಿದೆ, ಎನ್ನುತ್ತಿದ್ದವಳು. ನೋ ಗೆದ್ದು, ದುಡ್ಡಿಲ್ಲದೆ ಸೆಂಟರು ಮುಚ್ಚಿದರೆ ಆ ದಿನಗಳೇ ಮತ್ತೆ. ನಿಜ ಹೇಳಬೇಕೆಂದರೆ ವಿಜಯಶ್ರೀಗೆ ಅತ್ತೆಯ ಮೇಲಿನ ಪ್ರೀತಿಯಷ್ಟೇ ತನ್ನ ಬೆನ್ನಿನ ಬಗ್ಗೆ ಭಯವೂ ಇತ್ತು. ಇನ್ನೊಂದು ಹೊರೆ ಹೊರುವ ತ್ರಾಣ ಅದಕ್ಕಿರಲಿಲ್ಲ.

ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳಿದ್ದರೆ ಅವನು ಪುಸ್ತಕ ತೆರೆಯುತ್ತಿದ್ದ, ಗೆರೆ ಎಳೆದದ್ದನ್ನು ತೋರಿಸುತ್ತಿದ್ದ, ಮಧ್ಯಾಹ್ನದವರೆಗೆ ವಾದ ನಡೆಯುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಗಾದೆ ಕಟ್ಟಿದವರಿಗೆ ಉಣ್ಣುವ ಮೊದಲೇ ನಿದ್ದೆ ಹೋಗುವ ಹೆಂಡಿರ ವಿಷಯ ತಿಳಿದಿರಲಿಲ್ಲ. ಪಕ್ಕದಲ್ಲಿ ಅತ್ತೆಯ ಹಾಳೆ ಕಪ್ಪಾಗುವುದನ್ನು ಕಂಡೂ ಅವಳು ತುಟಿ ಬಿಚ್ಚಲಿಲ್ಲ. ತನ್ನದನ್ನು ಮಾತ್ರ ಮಡಿಸಿ, ಉಳಿದದ್ದು ಆಮೇಲೆ ತುಂಬುತ್ತೇನೆ, ಈ ಸಲ ನಾನೇ ಹೋಗಿ ಹಾಕಿ ಬರುತ್ತೇನೆ ಎಂದಳು.

"ದಣದು ಬಂದಿರ್ತಿ. ಮತ್ತ ಎದಕ್ಕ ಹೋಗಿ ಲೈನಿನ್ಯಾಗ ನಿಂದರ್ತಿ?" ಎಂದ ಶಿವರಾಜ. ಅದರಲ್ಲಿ ಕೊಂಕಿರಲಿಲ್ಲ, ನಿಜವಾದ ಕಾಳಜಿಯೇ ಇತ್ತು.

ಅವಳು ಮೇಜಿನಿಂದ ಎದ್ದಳು. ಬ್ಯಾಲೆಟ್ಟನ್ನೂ ಸಹಿಯಾದ ಲಕೋಟೆಯನ್ನೂ ಅಡುಗೆಮನೆಯ ಡ್ರಾದಲ್ಲಿ ಇಟ್ಟಳು. ಅಂಚೆಯ ಓಟಿನ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಅಂಚೆಗೆ ಹಾಕಿದರೂ ಓಟು ಓಟೇ. ಆದರೆ ಮತಗಟ್ಟೆಯಲ್ಲಿ ಮೂರು ಕಡೆ ರಟ್ಟು ನಿಲ್ಲಿಸಿರುತ್ತಾರಂತೆ. ಆ ರಟ್ಟಿನ ಮರೆಗೆ ಹೋದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಜಗಳವಿಲ್ಲದೆ ಎಸ್ ಎಂದು ತುಂಬುವ ಒಂದು ಮೂಲೆ.

ಆ ಮೂಲೆಯ ಆಸೆಯೊಂದೇ ಮುಂದಿನ ವಾರಗಳಲ್ಲಿ ಅವಳ ಸ್ವಂತದ್ದಾಗಿತ್ತು. ಮತಗಟ್ಟೆ ಚುನಾವಣೆಗೆ ಹತ್ತು ದಿನ ಮೊದಲೇ ತೆರೆದಿತ್ತು, ಆದರೆ ಈ ಶನಿವಾರ ಹೋಗೋಣವೆಂದರೆ ಆಫೀಸಿನ ಕೆಲಸ, ಆ ಭಾನುವಾರವೆಂದರೆ ಅತ್ತೆಗೆ ಜ್ವರ. ನೋಡನೋಡುತ್ತ ಚುನಾವಣೆಯ ದಿನವೇ ಬಂತು. ಅಂದು ತಲೆನೋವೆಂದು ಸುಳ್ಳು ಹೇಳಿ ಆಫೀಸಿನಿಂದ ಬೇಗ ಹೊರಟಳು. ಫ್ರೀವೇ ಹತ್ತುವಷ್ಟರಲ್ಲಿ ಆ ಸುಳ್ಳೂ ನಿಜವಾಯಿತು.

ಮನೆಗೆ ಬಂದು ಡ್ರಾ ಎಳೆದರೆ ಬ್ಯಾಲೆಟ್ಟಿಲ್ಲ. ಕೆಳಗಿನ ಡ್ರಾದಲ್ಲೂ ಇಲ್ಲ. ಎಲ್ಲಿಯೋ ಇಟ್ಟು ಮರೆತಿದ್ದೇನೆ, ಈಚೆಗೆ ನನ್ನ ತಲೆ ನನ್ನದಲ್ಲ ಎಂದು ತನ್ನನ್ನೇ ಬೈದುಕೊಂಡಳು. ಕಳೆದುಹೋದರೆ ಅಲ್ಲಿ ಹೊಸದು ಕೊಡುತ್ತಾರೆಂದು ಎಲ್ಲೋ ಓದಿದ ನೆನಪಿತ್ತು. ಕಾರಿನ ಕೀಲಿ ತೆಗೆದುಕೊಳ್ಳುವಷ್ಟರಲ್ಲಿ ಬಂಗಾರೆವ್ವ ಇಳಕಲ್ ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು, ಬಾಗಿಲ ಬಳಿ ಬೂಟಿಗೆ ಕಾಲು ತೂರಿಸುತ್ತಿದ್ದಳು. ನಿಮ್ಮ ಓಟು ಆಗಲೇ ಆಗಿದೆ ಎಂದರೆ, ಗೊತ್ತು, ಹಾಕುವುದನ್ನಾದರೂ ನೋಡಿ ಬರುತ್ತೇನೆ ಎಂದಳು.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮತಗಟ್ಟೆ. ಪಾಳಿ ಉದ್ದವಿರಲಿಲ್ಲ. ಬಂಗಾರೆವ್ವ ಗೋಡೆಯ ಬದಿಯ ಕುರ್ಚಿಯಲ್ಲಿ ಕೂತು, ರಟ್ಟಿನ ಮರೆಯಲ್ಲಿ ಬಗ್ಗಿ ನಿಂತವರ ಬೆನ್ನುಗಳನ್ನು ಮದುವೆಮನೆಗೆ ಬಂದವಳ ಹಾಗೆ ಸಂತೋಷದಿಂದ ನೋಡುತ್ತಿದ್ದಳು. ವಿಜಯಶ್ರೀ ಹೆಸರು ಹೇಳಿದಳು. ಮೇಜಿನ ಹಿಂದಿನ ನೆರೆಗೂದಲಿನ ಹೆಂಗಸು ಟ್ಯಾಬ್ಲೆಟ್ಟಿನಲ್ಲಿ ಹುಡುಕಿ, ಹುಬ್ಬು ಗಂಟಿಕ್ಕಿ, ಇನ್ನೊಮ್ಮೆ ವಿಳಾಸ ಕೇಳಿದಳು. ಆಮೇಲೆ ಮೆಲ್ಲಗೆ, ನಿಮ್ಮ ಬ್ಯಾಲೆಟ್ಟು ಕಳೆದ ವಾರವೇ ನಮಗೆ ತಲುಪಿದೆ, ಸಹಿಯೂ ಸರಿಹೊಂದಿದೆ ಎಂದಳು.

ವಿಜಯಶ್ರೀಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಡ್ರಾ ನೆನಪಾಯಿತು. ಮಸಿ ಒಣಗಿದ ಆ ಸಹಿ ನೆನಪಾಯಿತು.

ಅದನ್ನು ನೀವೇ ಕಳಿಸಿದ್ದಲ್ಲವೇ ಎಂದು ಹೆಂಗಸು ಕೇಳಿದಳು. ಅಲ್ಲವಾದರೆ ಹೇಳಿ, ನಮ್ಮ ಮೇಲಿನವರನ್ನು ಕರೆಯುತ್ತೇನೆ ಎಂದಳು. ಅಲ್ಲ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅಲ್ಲ ಎಂದರೆ ಮತ್ತೆ ಯಾರು ಎಂದು ಕೇಳುತ್ತಾರೆ, ಕೇಳಿದರೆ ಗಂಡನ ಹೆಸರು ಹೇಳಬೇಕು, ಹೇಳಿದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ. ಸಹಿಯಂತೂ ಅವಳದೇ, ಅವಳೇ ಕೈಯಾರೆ ಮಾಡಿ ಕೊಟ್ಟದ್ದು. ಹಿಂದೆ ಪಾಳಿಯಲ್ಲಿ ಯಾರೋ ಕೆಮ್ಮಿದರು. ನಾನೇ ಕಳಿಸಿದ್ದು, ಮರೆತಿದ್ದೆ, ಕ್ಷಮಿಸಿ ಎಂದಳು ವಿಜಯಶ್ರೀ. ಹೆಂಗಸು ಸಮಾಧಾನಪಡಿಸುವಂತೆ ನಕ್ಕು, ಓಟು ಹಾಕಿದವರಿಗೆ ಕೊಡುವ ಸ್ಟಿಕರುಗಳನ್ನು ಸುರುಳಿಯಿಂದ ಹರಿದು ಅತ್ತೆಗೊಂದು, ಸೊಸೆಗೊಂದು ಕೊಟ್ಟಳು.

"ಹಾಕಿದಿ?" ಎಂದು ಕೇಳಿದಳು ಬಂಗಾರೆವ್ವ.

"ಆಗೇತ್ರಿ," ಎಂದಳು ವಿಜಯಶ್ರೀ.

ಮನೆಯಲ್ಲಿ ಶಿವರಾಜ ಅನ್ನಕ್ಕಿಟ್ಟು ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಓಟಿನ ದಿನವೆಂದು ತನ್ನ ಲಕೋಟೆಯ ಜೊತೆ ಬಂದ ಸ್ಟಿಕರನ್ನು ಅಂಗಿಯ ಎದೆಗೆ ಅಂಟಿಸಿಕೊಂಡೇ ಆಫೀಸಿಗೆ ಹೋಗಿ ಬಂದಿದ್ದ. ಇಬ್ಬರ ಎದೆಯ ಮೇಲೂ ಸ್ಟಿಕರು ಕಂಡು ಅವನಿಗೆ ಆಶ್ಚರ್ಯ.

"ಮತಗಟ್ಟಿಗೆ ಹೋಗಿದ್ರೇನು? ನಿಂದು ನಾ ಹೋದ ವಾರನ ಹಾಕಿ ಬಂದೆ. ಡ್ರಾದಾಗ ಹಂಗ ಇತ್ತು, ಸಹಿನೂ ಆಗಿತ್ತು. ನೀ ದಣದು ಸೋಫಾದ ಮ್ಯಾಲ ಮಲಗಿದ್ದಿ, ಎಬ್ಬಸೂದು ಬ್ಯಾಡ ಅಂತ ಉಳದಿದ್ದು ನಾನ ತುಂಬಿದೆ."

ಒಗೆದ ಬಟ್ಟೆ ಮಡಿಸಿಟ್ಟಿದ್ದೇನೆ ಎಂದು ಹೇಳುವವನ ದನಿಯಲ್ಲೇ ಅವನು ಇದನ್ನು ಹೇಳಿದ. ವಿಜಯಶ್ರೀಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದೇ. ಕದ್ದವನಾಗಿದ್ದರೆ ಬೈಯಬಹುದಿತ್ತು. ಇವನು, ಪಾಪ ದಣಿದಿದ್ದಾಳೆ ಎಂದುಕೊಂಡು, ತೆಗೆದುಕೊಂಡಿದ್ದ.

"ಸೆಂಟರಿನ ಪ್ರಶ್ನಿಗೆ ಏನ್ ತುಂಬಿದ್ರಿ?" ಎಂದಳು.

"ನೋ. ಮೂರೂ ನೋನ. ಟ್ಯಾಕ್ಸ್ ಅಲ್ಲ ಅದು?"

ಸೋಫಾದಲ್ಲಿ ಕೂತು ಬೂಟು ಬಿಚ್ಚುತ್ತಿದ್ದ ಬಂಗಾರೆವ್ವ ತಲೆಯೆತ್ತಿ, ಯಾವ ಸೆಂಟರು ಎಂದು ಕೇಳಿದಳು. ಮಗ ಉಳ್ಳಾಗಡ್ಡಿ ಹೆಚ್ಚುವುದನ್ನು ನಿಲ್ಲಿಸಿದ. ಈ ಮನೆಯಲ್ಲಿ ಯಾರಾದರೂ ಹೇಳಲೇಬೇಕಿತ್ತು. ಹೇಳದೆ ಉಳಿಯುವುದಕ್ಕೂ ಈಗ ವಿಜಯಶ್ರೀಗೆ ಶಕ್ತಿ ಇರಲಿಲ್ಲ.

"ನೀವು ಹೋಗೂ ಸೆಂಟರ್ ರೀ, ಅತ್ಯಾರ. ಅದನ್ನ ನಡಸಾಕ ಊರ ಮಂದೀನ ಕೇಳ್ಯಾರ. ಬ್ಯಾಡ ಅಂತ ನಮ್ಮ ಮನಿಯಿಂದ ಮೂರು ಓಟು ಹೋಗ್ಯಾವ."

"ನಂದೂ?"

"ನಿಮ್ಮದೂ ರೀ. ನಾ ಬಾಜೂಕನ ಕುಂತಿದ್ದೆ. ನೋಡಿ ಸುಮ್ಮನಾದೆ."

ಶಿವರಾಜ ಕೈ ಒರೆಸಿಕೊಂಡು ಹತ್ತಿರ ಬಂದ. ಅದು ಅದೇ ಸೆಂಟರು ಎಂದು ತನ್ನ ತಲೆಗೆ ಹೊಳೆಯಲೇ ಇಲ್ಲ ಎಂದ. ಒಂದು ಮನೆಯ ಓಟಿನಿಂದ ಏನೂ ಆಗುವುದಿಲ್ಲ ಎಂದ. ಮುಚ್ಚಿದರೂ ಬೇರೆ ಕಡೆ ಇಂಥವು ಇವೆ ಎಂದ. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಹೇಳಿದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಇಲ್ಲಿ ಅತ್ತೆ ಸೊಸೆ ಇಬ್ಬರೂ ಒಂದೇ ಸೋಫಾದ ಮೇಲೆ ಕೂತು, ಒಬ್ಬನ ಮಾತು ಮುಗಿಯುವುದನ್ನೇ ಕಾಯುತ್ತಿದ್ದರು.

ಮಾತು ಮುಗಿದ ಮೇಲೆ ಬಂಗಾರೆವ್ವ ಸೋಫಾದ ಕೈ ಹಿಡಿದು ಎದ್ದಳು. ಸ್ವೆಟರಿನ ಮೇಲಿನ ಸ್ಟಿಕರನ್ನು ಉಗುರಿನಿಂದ ಎಬ್ಬಿಸಿ ಬಿಡಿಸಿಕೊಂಡು, ಮಗನ ಅಂಗಿಯ ಮೇಲೆ, ಅವನದರ ಪಕ್ಕದಲ್ಲಿ ಇಟ್ಟು, ಅಂಗೈಯಿಂದ ಒತ್ತಿ ಅಂಟಿಸಿದಳು. ಆಮೇಲೆ ತಿರುಗಿ ಸೊಸೆಯ ಎದೆಯ ಮೇಲಿನದನ್ನೂ ಬಿಡಿಸಿ, ಅದರ ಕೆಳಗೆ ಅಂಟಿಸಿದಳು.

"ಇವು ನಿನಗ ಸೇರಿದ್ದು ತಮ್ಮಾ," ಎಂದಳು.

ಶಿವರಾಜ ಮೂರೂ ಸ್ಟಿಕರು ಹೊತ್ತು ನಿಂತಿದ್ದ. ಒಂದನ್ನೂ ತೆಗೆಯಲಿಲ್ಲ. ಅನ್ನ ಆಯಿತೆಂದು ಒಳಗೆ ಕುಕ್ಕರು ಟಕ್ಕೆಂದಿತು. ಬಂಗಾರೆವ್ವ ಬಿಚ್ಚಿಟ್ಟ ಬೂಟುಗಳನ್ನು ಎತ್ತಿಕೊಂಡು ಬಾಗಿಲ ಬಳಿ, ಬೆಳಿಗ್ಗೆ ಕೈಗೆ ಸಿಗುವಂತೆ ಜೋಡಿಸಿಟ್ಟಳು.

"ನಾಳೆ ಬಸ್ಸು ಬರತೈತಲ್ಲ, ವಿಜಿ?"

ಬರುತ್ತದೆ ಎಂದಳು ವಿಜಯಶ್ರೀ. ನಾಳೆಯಂತೂ ಬರುತ್ತದೆ.