ನೀಲಿಯನ್ನು ಬಿಟ್ಟುಕೊಟ್ಟ ಮಹಾನಂದಾ

ಯಾರ ಮನೆಗೆ ಹೋದರೂ ಮಹಾನಂದಾ ಕೈಗೆ ಬಂದ ಚಹಾ ಕಪ್ಪಿನ ಅಂಚನ್ನು ಬಿರುಕಿದೆಯೇ ಎಂದು ಉಗುರಿನಿಂದ ಒಂದು ಸುತ್ತು ಸವರದೆ ತುಟಿಗಿಡುತ್ತಿರಲಿಲ್ಲ. ಉಪಚರಿಸಿದವರು ಮುಖ ಸಿಂಡರಿಸಿದರೂ ಅವಳಿಗೆ ಅದರ ಪರಿವೆಯಿರಲಿಲ್ಲ. ವಿಜಯಪುರದ ಕಡೆಯಿಂದ ಬಂದು, ಪೀಣ್ಯದ ಪಿಂಗಾಣಿ ಕಾರ್ಖಾನೆಯೊಂದರಲ್ಲಿ ಯೌವನ ಸವೆಸಿ, ಅದು ಮುಚ್ಚಿದ ಮೇಲೆ ಬಾಗಲಗುಂಟೆಯ ವೆಂಕಟೇಶಪ್ಪನವರ ಶೆಡ್ಡಿನಲ್ಲಿ, ಅವರ ಪಾಲುದಾರಿಕೆಯಲ್ಲೇ ಬಟ್ಟಲು ಮಾಡತೊಡಗಿದ್ದಳು. ಬರಿಗೈಯಲ್ಲೂ ಹಸಿ ಬಟ್ಟಲು ತುಂಬಿದ ಹಲಗೆ ಹೊತ್ತವಳಂತೆ ಮೆಲ್ಲಗೆ ನಡೆಯುವ ಈ ಹೆಂಗಸಿಗೆ ಹೆಸರು ತಂದದ್ದು ಅವಳೇ ಹದ ಕಂಡುಕೊಂಡ ನವಿಲುಗರಿಯ ನೀಲಿ ಹೊಳಪು, ಮಣ್ಣಿನ ಮೇಲೆ ಬಳಿದು ಸುಟ್ಟರೆ ಗಾಜಿನಂತಾಗುವ ಲೇಪ.

ಆ ನೀಲಿಗೆ ಮನಸೋತೇ ಎಲೆಕ್ಟ್ರಾನಿಕ್ ಸಿಟಿಯ ಶಿಶುವಿಹಾರದ ಸೌಮ್ಯ ಮಕ್ಕಳಿಗೆಂದು ಬಟ್ಟಲು ಮಾಡಿಕೊಡಲು ಹೇಳಿದ್ದರು. ಆದರೆ ಭಟ್ಟಿಯಿಂದ ತೆಗೆದ ಬಟ್ಟಲುಗಳು ಆರುತ್ತ ಆರುತ್ತ ಟಿಣ್ ಟಿಣ್ ಎಂದವು. ಮೈತುಂಬ ಕೂದಲೆಳೆಯ ಬಿರುಕು. ನೀಲಿ ಬಣ್ಣಕ್ಕೆ ಬೇಕಾದ ಸೋಡಾವೇ, ಆರುವಾಗ, ಹೊಳಪನ್ನು ಮಣ್ಣಿಗಿಂತ ಹೆಚ್ಚು ಕುಗ್ಗಿಸುತ್ತಿತ್ತು.

"ಡಿಸೈನ್ ಅಂದ್ಬಿಡಮ್ಮ, ಯಾರಿಗ್ ಗೊತ್ತಾಯ್ತದೆ?" ಎಂದರು ವೆಂಕಟೇಶಪ್ಪ.

"ಗಂಜಿ ಅದ್ರಾಗ ಇಳೀತೈತ್ರಿ. ತೊಳದ್ರ ಹೋಗಂಗಿಲ್ಲ. ಬ್ಯಾಡ."

ಸೋಡಾ ತಗ್ಗಿಸಿ ಬೆಣಚುಕಲ್ಲಿನ ಪುಡಿ ಬೆರೆಸಿದಳು. ಬಿರುಕು ವಿರಳವಾಯಿತೇ ಹೊರತು ಹೋಗಲಿಲ್ಲ. ಹಠಕ್ಕೆ ಬಿದ್ದು ಪುಡಿಯನ್ನು ಧಾರಾಳವಾಗಿ ಸುರಿದಳು. ಈ ಸಲ ಬಟ್ಟಲುಗಳು ನುಣ್ಣಗೆ, ನಿಶ್ಶಬ್ದವಾಗಿ ಹೊರಬಂದವು.

"ಸಕ್ಕತ್ತಾಗಿದೆ ಅಕ್ಕ, ಇವತ್ತೇ ತಗೊಂಡ್ ಹೋಗ್ತೀನಿ" ಎಂದು ಸೌಮ್ಯ ಕೈಚಾಚಿದಾಗ ಮಹಾನಂದಾ ತಡೆದಳು. ಮರದ ಸೌಟಿನಿಂದ ಅಂಚಿಗೆ ಬಡಿದಳು. ಉಗುರಿನಷ್ಟು ತೆಳುವಾದ ಹೊಳಪಿನ ಚಕ್ಕೆಯೊಂದು ಎಗರಿ ಮೇಜಿನ ಮೇಲೆ ಬಿತ್ತು. ಪುಡಿ ಹೆಚ್ಚಾಗಿ ಮಿತಿಮೀರಿ ಬಿಗಿದ ಹೊಳಪು ಮಣ್ಣನ್ನೇ ಬಿಟ್ಟು ಸಿಡಿಯುತ್ತಿತ್ತು. ತಪ್ಪು ತನ್ನ ಅವಸರದ್ದೆಂದು ಅವಳಿಗೆ ಆ ಕ್ಷಣವೇ ತಿಳಿಯಿತು.

"ಇದು ಕೂಸಿನ ಬಾಯಾಗ ಹೋದ್ರ ಏನ್ರೀ ಮಾಡೂದು?"

ಅಷ್ಟನ್ನೂ ಒಡೆದು ಹಾಕಿ, ಬಿರುಕು, ಸಿಡಿತ ಎರಡರ ನಡುವಿನ ಹದಕ್ಕಾಗಿ ಮತ್ತೆ ಕೂತಳು. ಚಿಟಿಕೆ ಚಿಟಿಕೆಯಾಗಿ ಸೋಡಾ ಇಳಿಸುತ್ತ ಪುಡಿ ಏರಿಸುವುದು, ಸುಡುವುದು, ಪರೀಕ್ಷೆಗೆಂದು ಕುದಿನೀರಿನಲ್ಲಿಟ್ಟು ತೆಗೆದು ಐಸ್‌ನೀರಿಗೆ ಮುಳುಗಿಸುವುದು. ಕಡೆಗೆ ಬಿರಿಯದ, ಸಿಡಿಯದ ಬಟ್ಟಲು ಕೈಗೆ ಬಂತು. ಸೋಡಾ ತಗ್ಗಿದ್ದರಿಂದ ನೀಲಿ ಮಾತ್ರ ಉಳಿಯಲಿಲ್ಲ, ಸಾಧಾರಣ ಹಸಿರಾಗಿತ್ತು.

"ನಿನ್ ಹೆಸ್ರು ಇರೋದೇ ಆ ಬಣ್ಣದ್ ಮೇಲಲ್ವೇನಮ್ಮ?" ಎಂದರು ವೆಂಕಟೇಶಪ್ಪ.

"ಹೆಸರನ್ನ ಯಾರೂ ಉಣ್ಣಂಗಿಲ್ರಿ" ಎಂದಳು. ಆದರೆ ಆ ದಿನವೆಲ್ಲ ಹಸಿರು ಬಟ್ಟಲನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿದು ನೋಡಿದಳು.

ಸೌಮ್ಯ ಅರೆಮನಸ್ಸಿನಿಂದಲೇ ಹಸಿರು ಬಟ್ಟಲುಗಳನ್ನು ಒಯ್ದರು. ಮಕ್ಕಳು ಅವುಗಳಲ್ಲಿ ಉಂಡರು, ಕೆಡವಿದರು, ಮತ್ತೆ ಉಂಡರು.

ಚೆಲುವನ್ನು ಪ್ರೀತಿಸುವವರು ಬಹಳ ಮಂದಿ. ತಾವೇ ಹುಟ್ಟಿಸಿದ ಚೆಲುವು ಇನ್ನೊಬ್ಬರಿಗೆ ನೋವಾದೀತೆಂಬ ಶಂಕೆ ಮೂಡಿದೊಡನೆ ಅದನ್ನು ತೊರೆಯಬಲ್ಲವರು ವಿರಳ. ಅಂಥವರ ಕೆಲಸಕ್ಕೆ ಮೆಚ್ಚುಗೆಯ ಸಾಕ್ಷಿ ಸಿಗುವುದಿಲ್ಲ. ಅದನ್ನು ಬಳಸಿದವರು ಏನೂ ಆಗದೆ ಊಟ ಮುಗಿಸಿ ಎದ್ದುಹೋಗುತ್ತಾರೆ, ಅಷ್ಟೆ.