ಹಾಸಿಗೆ ಹದಿನಾಲ್ಕರ ಗೇಟ್ ರಿಜಿಸ್ಟರ್

೧

ಎಲ್ಲಿಂದ ಶುರು ಮಾಡಲಿ? ರೋಗದಿಂದ ಶುರು ಮಾಡಿದರೆ ನೀವು ‘ಅಯ್ಯೋ ಪಾಪ’ ಅನ್ನುತ್ತೀರಿ, ಅಲ್ಲಿಗೆ ಕಥೆ ಸತ್ತಿತು. ವ್ಯವಸ್ಥೆಯಿಂದ ಶುರು ಮಾಡಿದರೆ ನಮ್ಮ ಓದುಬಳಗದವರು ಚಪ್ಪಾಳೆ ತಟ್ಟಿ ಪಕೋಡಾ ತಿನ್ನುತ್ತಾರೆ. (ಹತ್ತು ವರ್ಷದಿಂದ ಪ್ರತಿ ಭಾನುವಾರ ದಿಲ್ಲಿಯ ದ್ವಾರಕಾದಲ್ಲಿ ಯಾರದಾದರೂ ಫ್ಲ್ಯಾಟಿನಲ್ಲಿ ಕೂತು ನಾವು ವ್ಯವಸ್ಥೆಯನ್ನು ಉರುಳಿಸುತ್ತಿದ್ದೇವೆ. ಅದು ಸೋಮವಾರ ಎದ್ದು ಮೈ ಕೊಡವಿಕೊಂಡು ಆಫೀಸಿಗೆ ಹೋಗುತ್ತದೆ.)

ಮೊದಲ ಡ್ರಾಫ್ಟ್ ಹೀಗಿತ್ತು:

೨೦೦೬. ದಿಲ್ಲಿಯ ದೊಡ್ಡ ಆಸ್ಪತ್ರೆಯೊಂದರ ಮೂರನೇ ಮಹಡಿ. ಹಾಸಿಗೆ ಹದಿನಾಲ್ಕರಲ್ಲಿದ್ದ ಗಿರಿಜಮ್ಮನ ಹೊಟ್ಟೆ ನೀರು ತುಂಬಿ ಬಿರಿಯುವಂತಿತ್ತು. ಬೆನ್ನ ಹಿಂದೆ ಬಾಯ್ದೆರೆದ ಆಸ್ಪತ್ರೆಯ ಅಂಗಿಯೊಳಗಿಂದ…

“ನಿಲ್ಲಿಸ್ರೀ!”

[ಕ್ಷಮಿಸಿ. ಪಾತ್ರ ಮಾತಾಡುತ್ತಿದೆ.]

“ಯಾರನ್ನ ಕೇಳಿ ಬರೀತಿದೀರಿ ನನ್ನ ಹೊಟ್ಟೆ ವಿಷಯ?”

“ಮೇಡಂ, ನಾನು ನಿಮ್ಮ ಪರ…”

“ಡಾಕ್ಟರ್ ಖುರಾನಾನೂ ಅದನ್ನೇ ಹೇಳೋದು. ಹೊದಿಕೆ ಎತ್ತೋದೂ ನನ್ನ ಒಳ್ಳೇದಕ್ಕೇ ಅಂತೆ.”

ಡ್ರಾಫ್ಟ್ ಹರಿದೆ.

೨

ಮರ್ಯಾದೆಯಾಗಿ ಪರಿಚಯಿಸುತ್ತೇನೆ. ಗಿರಿಜಮ್ಮ, ಅರವತ್ತೆಂಟು ವರ್ಷ. ಕೇಂದ್ರ ಸರ್ಕಾರದ ಮಂತ್ರಾಲಯವೊಂದರಲ್ಲಿ ಅಧಿಕಾರಿಯಾಗಿ ನಿವೃತ್ತರು. ಆಮೇಲೆ ದ್ವಾರಕಾದ ತಮ್ಮ ಹೌಸಿಂಗ್ ಸೊಸೈಟಿಗೆ ಎಂಟು ವರ್ಷ ಸೆಕ್ರೆಟರಿ. ಗೇಟಿನ ರಿಜಿಸ್ಟರಿನಲ್ಲಿ ಬರೆಯದೆ ಒಂದು ನರಪಿಳ್ಳೆಯೂ ಒಳಗೆ ಹೋದದ್ದಿಲ್ಲ. ಮಗಳು ಹರ್ಷಿಣಿಯ ಮದುವೆಯ ದಿನ ಪೇಟ ಸುತ್ತಿಕೊಂಡು ಬಂದ ಅಳಿಯನನ್ನೂ ಗೇಟಿನಲ್ಲಿ ನಿಲ್ಲಿಸಿ ಬರೆಸಿದ್ದರು. ‘ಉದ್ದೇಶ’ ಅನ್ನುವ ಕಾಲಮ್ಮಿನಲ್ಲಿ ಪಾಪ ಅವನು ‘ಮದುವೆ’ ಎಂದು ಬರೆದಿದ್ದಾನೆ. ಬೇಕಿದ್ದರೆ ಹೋಗಿ ನೋಡಿ. (ನೋಡುವ ಮೊದಲು ಸಹಿ ಮಾಡಿ.)

ಅಂಡಾಶಯದ ಕ್ಯಾನ್ಸರ್, ಕಡೆಯ ಹಂತ. ಡಾಕ್ಟರಿಗೆ ಗೊತ್ತು, ಗಿರಿಜಮ್ಮನಿಗೂ ಗೊತ್ತು. ಗೊತ್ತಿಲ್ಲದವಳ ಹಾಗೆ ನಟಿಸುತ್ತಿರುವುದು ಹರ್ಷಿಣಿ ಒಬ್ಬಳೇ.

ದಿನಾ ಬೆಳಿಗ್ಗೆ ಹತ್ತಕ್ಕೆ ಖುರಾನಾ ಹನ್ನೆರಡು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಬರುತ್ತಾರೆ. ಪರದೆ ಸರ್ರನೆ, ಹೊದಿಕೆ ಪರ್ರನೆ. “ಬೆಡ್ ಫೋರ್ಟೀನ್. ಬ್ಯೂಟಿಫುಲ್ ಕೇಸ್!” (“ಇಷ್ಟು ವರ್ಷದಲ್ಲಿ ನಮ್ಮ ಯಜಮಾನ್ರೂ ನನ್ನನ್ನ ಬ್ಯೂಟಿಫುಲ್ ಅಂದಿರ್ಲಿಲ್ಲ” ಎಂದರು ಗಿರಿಜಮ್ಮ.) ಹನ್ನೆರಡು ತಣ್ಣನೆಯ ಕೈ ಹೊಟ್ಟೆಯ ಮೇಲೆ ತಬಲ ಬಾರಿಸಿ ಹೋಗುತ್ತವೆ. ಪರದೆ ತೆರೆದೇ ಇರುತ್ತದೆ, ಹೊದಿಕೆ ಮೊಣಕಾಲ ಬಳಿ. ಸೂಜಿ ಚುಚ್ಚಿದ ಕೈ ಅಲ್ಲಿಯವರೆಗೆ ಚಾಚುವುದಿಲ್ಲ. ನಿನ್ನೆ ನರ್ಸ್ ಬರುವವರೆಗೆ, ನಲವತ್ತು ನಿಮಿಷ, ಪಕ್ಕದ ಹಾಸಿಗೆಯವರ ನೆಂಟರೆಲ್ಲ ಓಡಾಡುವ ದಾರಿಯಲ್ಲಿ ಅವರು ಹಾಗೇ ಮಲಗಿದ್ದರು.

ಇಲ್ಲಿ ನಾನು ಕೆರಳಿ ಮೂರು ಪುಟ ಗುಡುಗಿದೆ. “ಓ ಬಿಳಿ ಕೋಟಿನ ದೊರೆಗಳೇ!” ಅಂತ ಶುರು.

“ಇದನ್ನ ಓದಿದ್ರೆ ನಾಳೆ ಖುರಾನಾ ಹೊದಿಕೆ ಎತ್ತಲ್ವಾ?”

“…ಎತ್ತುತ್ತಾರೆ ಮೇಡಂ.”

“ಹಾಗಾದ್ರೆ ಹರೀರಿ. ಹರ್ಷೂ, ಸೊಸೈಟಿಯಿಂದ ಒಂದು ಖಾಲಿ ರಿಜಿಸ್ಟರ್ ತಂದುಕೊಡು. ನಾಲ್ಕು ಪಿನ್ನು, ಒಂದು ಪೆನ್ನು, ದಾರ.”

“ಅಮ್ಮಾ, ಪ್ಲೀಸ್ ಯಾರ್! ಇದು ಹಾಸ್ಪಿಟಲ್, ನಿನ್ನ ಗೇಟ್ ಥೋಡಿ ಹೈ! ಡಾಕ್ಟರ್ ಬುರಾ ಮಾನ್ ಗಯೇ ತೋ?”

“ಅವರ ಬೇಜಾರಿಗೆ ಔಷಧಿ ಇರತ್ತೆ ಕಣೆ. ಇದು ಆಸ್ಪತ್ರೆ.”

೩

ಬೆಳಿಗ್ಗೆ ಹತ್ತು. ಪರದೆಗೆ ಒಳಗಿನಿಂದ ಹರ್ಷಿಣಿ ಹಾಕಿದ ಪಿನ್ನು. ಹೊರಗೆ ಸ್ಟೂಲಿನ ಮೇಲೆ ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ಹೆಸರು, ಎಲ್ಲಿಂದ, ಯಾರನ್ನು ನೋಡಬೇಕು, ಉದ್ದೇಶ, ಒಳಬಂದ ಸಮಯ, ಹೊರಹೋದ ಸಮಯ.

“ಯೇ ಕ್ಯಾ ತಮಾಷಾ ಹೈ?” ಖುರಾನಾ ಗುಡುಗಿದರು. (ನನಗಿಂತ ಚೆನ್ನಾಗಿ.)

“ಎಂಟ್ರಿ ಕರ್ ದೀಜಿಯೇ, ಡಾಕ್ಟರ್ ಸಾಹಬ್,” ಪರದೆಯೊಳಗಿಂದ ದನಿ.

ಆದರೆ ಈ ಊರಿನ ಕೈಗೆ ಒಂದು ಚಾಳಿ: ದಾರ ಕಟ್ಟಿದ ಪೆನ್ನು ಕಂಡರೆ ಅದು ಯಜಮಾನನನ್ನು ಕೇಳದೆ ಬರೆಯತೊಡಗುತ್ತದೆ. ಖುರಾನಾ ನೋಡನೋಡುತ್ತಿದ್ದಂತೆ ವಿದ್ಯಾರ್ಥಿನಿಯೊಬ್ಬಳು ಹೆಸರು ಬರೆದೇಬಿಟ್ಟಳು. ಅವಳ ಹಿಂದೆ ಸಾಲು. ಮೂರನೇ ಕಾಲಮ್ಮಿನಲ್ಲಿ ಪೆನ್ನು ತಡವರಿಸಿತು. ಯಾರನ್ನು ನೋಡಬೇಕು? ‘ಬೆಡ್ 14’ ಎಂದು ಬರೆದು ಓದಿಹೇಳಿದಳು.

“ಆ ಹೆಸರಿನವರು ಇಲ್ಲಿ ಯಾರೂ ಇಲ್ಲ,” ಗಿರಿಜಮ್ಮ ಹಿಂದಿಯಲ್ಲೇ ಹೇಳಿದರು. “ವಿಳಾಸ ತಪ್ಪಿದೆ. ಮುಂದೆ ಹೋಗಿ.”

ಹನ್ನೆರಡು ಮುಖ ಒಂದನ್ನೊಂದು ನೋಡಿಕೊಂಡವು. ಒಂಬತ್ತು ದಿನ ತಬಲ ಬಾರಿಸಿದ್ದಾರೆ, ಹೆಸರು ಒಬ್ಬರಿಗೂ ಗೊತ್ತಿಲ್ಲ. ಕಡೆಗೆ ಯಶವಂತ್ ಎಂಬ ನಮ್ಮ ಕಡೆಯ ಹುಡುಗ ಪರದೆಯ ಹೊರಗೆ ನೇತುಹಾಕಿದ್ದ ಚಾರ್ಟನ್ನು ಎತ್ತಿ ಓದಿದ.

“ಗಿರಿಜಮ್ಮನವರೇ, ಒಳಗೆ ಬರಬಹುದಾ?”



“ಉದ್ದೇಶ?”

“ನಿಮ್ಮ ಹೊಟ್ಟೆ ಮುಟ್ಟಿ ನೋಡಿ ಕಲಿಯೋದು.”

“ಇಬ್ಬರು ಬನ್ನಿ ಸಾಕು. ಕೈ ಉಜ್ಜಿ ಬೆಚ್ಚಗೆ ಮಾಡ್ಕೊಂಡು ಬನ್ನಿ.”

೪

ಈಗ ಖುರಾನಾರನ್ನು ಏನು ಮಾಡಲಿ?

ಅ) ಅವರು ಕಣ್ಣೀರಿಟ್ಟು ಕಾಲಿಗೆ ಬೀಳುತ್ತಾರೆ. (ನಂಬಬೇಡಿ.)

ಆ) ಗಿರಿಜಮ್ಮನನ್ನು ಬಲವಂತವಾಗಿ ಡಿಸ್ಚಾರ್ಜ್ ಮಾಡುತ್ತಾರೆ. (ಓದುಬಳಗಕ್ಕೆ ಇದೇ ಇಷ್ಟ. ಎರಡು ಭಾನುವಾರಕ್ಕೆ ಆಗುತ್ತದೆ.)

“ಅವರು ಅಳೋದೂ ಬೇಡ, ಅರಚೋದೂ ಬೇಡ,” ಎಂದರು ಗಿರಿಜಮ್ಮ. “ಹೋಗುವಾಗ ಹೊದಿಕೆ ಮುಚ್ಚಿ ಹೋಗ್ಲಿ. ನಾನು ಕೇಳ್ತಿರೋದು ಅಷ್ಟೇ. ನಿಮಗೆ ಕ್ರಾಂತಿ ಬೇಕಿದ್ರೆ ಭಾನುವಾರ ಇಟ್ಕೊಳ್ಳಿ.”

ಇ) ಖುರಾನಾ ಮುಖ ಊದಿಸಿಕೊಂಡು ಸಹಿ ಮಾಡಿದರು. ಹೋಗುವಾಗ ಹೊದಿಕೆ ಕುತ್ತಿಗೆಯವರೆಗೆ ಎಳೆದರು, ಪರದೆಯನ್ನೂ. ನಾಳೆ? ಗೊತ್ತಿಲ್ಲ. ರಿಜಿಸ್ಟರಿನಲ್ಲಿ ಇನ್ನೂರು ಪುಟ ಇವೆ. ಗಿರಿಜಮ್ಮನ ಬಳಿ ಅಷ್ಟು ದಿನ ಇಲ್ಲ.

೫

ಓದುಬಳಗದ ಕೆಂಪಣ್ಣ ಫೋನ್ ಮಾಡಿದ: “ಕೊನೆ ದೃಶ್ಯ ಬರೆದ್ಯಾ? ಸಾವು ಬಂದ್ರೇ ಅಲ್ವೇನಯ್ಯ ಕಥೆಗೊಂದು ತೂಕ?”

ಬರೆಯಲೆಂದೇ ಬಂದೆ. ಪರದೆಗೆ ಪಿನ್ನು ಹಾಕಿತ್ತು. ಪೆನ್ನು ಎತ್ತಿಕೊಂಡೆ. ಹೆಸರು ಬರೆದೆ. ಎಲ್ಲಿಂದ: ದ್ವಾರಕಾ. ಯಾರನ್ನು: ಗಿರಿಜಮ್ಮ. ಉದ್ದೇಶ: ‘ಕಥೆ ಮುಗಿಸುವುದು’.

ಹೊಡೆದುಹಾಕಿದೆ. ‘ಸುಮ್ಮನೆ’ ಎಂದು ಬರೆದೆ.

“ಯಾರದು?”

“ನಾನು ಮೇಡಂ. ಬರಬಹುದಾ?”

“ಈಗ ಬೇಡ. ಹೊರಗೇ ಇರಿ, ಕರೀತೀನಿ.”

ಹೊರಗೇ ನಿಂತಿದ್ದೇನೆ. ನನ್ನ ಹಿಂದೆ ನೀವೂ ಕತ್ತು ಉದ್ದ ಮಾಡಿಕೊಂಡು ನಿಂತಿದ್ದೀರಿ, ನನಗೆ ಗೊತ್ತು. ಪೆನ್ನು ಇಲ್ಲಿದೆ, ತಗೊಳ್ಳಿ.

ಒಳಗೆ ಹರ್ಷಿಣಿ ಏನೋ ಕೇಳಿದಳು. ಗಿರಿಜಮ್ಮ ಏನೋ ಹೇಳಿದರು. ಆಮೇಲೆ ಇಬ್ಬರೂ ನಕ್ಕರು. ನಗುವೋ ಅಳುವೋ, ಪರದೆಯಾಚೆಗೆ ಒಂದೇ ಥರ ಕೇಳಿಸುತ್ತದೆ. ಇಣುಕಿ ನೋಡಿದರೆ ಗೊತ್ತಾಗುತ್ತದೆ.

ಇಣುಕುವುದಿಲ್ಲ.